ಡಿಸ್ಕ್ ಇಲ್ಲದೆ ಎದ್ದ ಮ್ಯಾಕಿಂಟಾಷ್: ಒಂದು ಪ್ರಕರಣ

ಪರದೆಯ ನಡುವೆ ಪುಟ್ಟದೊಂದು ಫ್ಲಾಪಿಯ ಚಿತ್ರ. ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಆಪಲ್ ಕಂಪನಿಯ ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರ್ ಬಳಸಿದವರಿಗೆ ಇದರ ಅರ್ಥ ಗೊತ್ತು. ಯಂತ್ರ ಎದ್ದಿದೆ, ಆದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಸಿಸ್ಟಮ್, ಎಲ್ಲೂ ಸಿಗುತ್ತಿಲ್ಲ.

ಈ ಪ್ರಕರಣದ ಯಂತ್ರ ಒಂದು ಮ್ಯಾಕಿಂಟಾಷ್ ಕ್ಲಾಸಿಕ್. ಗೆಳೆಯರೊಬ್ಬರ ತಂದೆಯವರದು. ಅವರು ತೀರಿಕೊಂಡ ಮೇಲೆ ಬಟ್ಟೆ ಹೊದಿಸಿ ಕಪಾಟಿನ ಮೇಲೆ ಇಟ್ಟಿದ್ದರಂತೆ. ಒಳಗಿನ 40 ಮೆಗಾಬೈಟ್ ಹಾರ್ಡ್ ಡಿಸ್ಕಿನಲ್ಲಿ ಅವರು ಎಷ್ಟೋ ವರ್ಷ ಬರೆದ ಟಿಪ್ಪಣಿಗಳಿದ್ದವು. ಬೇರೆಲ್ಲೂ ಪ್ರತಿ ಇಲ್ಲ. "ನೋಡಿದವರೆಲ್ಲ ಡಿಸ್ಕ್ ಹೋಗಿದೆ ಅಂದರು. ನೀವು ಒಂದ್ಸಲ ನೋಡಿಬಿಡಿ, ಆಮೇಲೆ ಆಸೆ ಬಿಡ್ತೀನಿ" ಅಂದರು ಗೆಳೆಯರು.

ನೋಡಿದವರು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಮೂವತ್ತು ವರ್ಷ ದಾಟಿದ ಹಾರ್ಡ್ ಡಿಸ್ಕ್, ಮಿನುಗುವ ಪ್ರಶ್ನೆ, ತಿರುಗುವ ಸದ್ದೇ ಇಲ್ಲ. ಯಾರೇ ಆದರೂ ಅದನ್ನೇ ಹೇಳುತ್ತಿದ್ದರು. ನಾನೂ ಮೊದಲ ದಿನ ಅದನ್ನೇ ನಂಬಿದ್ದೆ.

ಚಿಪ್ಪಿನೊಳಗಿನ ಸಿಸ್ಟಮ್

ಕ್ಲಾಸಿಕ್ ಬಂದದ್ದು 1990ರ ಅಕ್ಟೋಬರ್‌ನಲ್ಲಿ. ಅಮೆರಿಕದಲ್ಲಿ 999 ಡಾಲರ್‌ನಿಂದ ಶುರು. ಸಾವಿರ ಡಾಲರ್‌ಗಿಂತ ಕಡಿಮೆಗೆ ಸಿಕ್ಕ ಮೊದಲ ಮ್ಯಾಕಿಂಟಾಷ್ ಇದೇ. ಒಳಗೆ ಸುಮಾರು 8 ಮೆಗಾಹರ್ಟ್ಸ್‌ನ ಮೊಟೊರೊಲಾ 68000 ಪ್ರೊಸೆಸರ್. 9 ಇಂಚಿನ ಕಪ್ಪು-ಬಿಳುಪು ಪರದೆ, 512 ಅಡ್ಡ, 342 ಉದ್ದ ಚುಕ್ಕೆಗಳು. ಆ ಹೊತ್ತಿಗೇ ಇದು ನಿಧಾನದ ಯಂತ್ರ. ಪ್ರೊಸೆಸರ್ ವೇಗದಲ್ಲಿ 1984ರ ಮೊದಲ ಮ್ಯಾಕಿಂಟಾಷ್‌ಗಿಂತ ಮುಂದೆ ಹೋಗಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಇದು ತನ್ನ ಅಣ್ಣತಮ್ಮಂದಿರಿಗಿಂತ ಬೇರೆ. ಇದರ ರೋಮ್ ಚಿಪ್, ಅಂದರೆ ಓದಲು ಮಾತ್ರ ಬರುವ ಕಾಯಂ ಮೆಮೊರಿ, 512 ಕಿಲೋಬೈಟ್. ಅದಕ್ಕೂ ಮುಂಚಿನ ಎಸ್‌ಇ ಮಾದರಿಯಲ್ಲಿ ಇದ್ದದ್ದು 256. ಹೆಚ್ಚಿಗೆ ಸಿಕ್ಕ ಜಾಗದಲ್ಲಿ ತಯಾರಿಸಿದವರು ಒಂದು ಇಡೀ ಸ್ಟಾರ್ಟಪ್ ಡಿಸ್ಕನ್ನೇ ಕೂರಿಸಿದ್ದರು. ಸಿಸ್ಟಮ್ 6.0.3, ಜೊತೆಗೆ ಡಿಸ್ಕು ಫೈಲುಗಳನ್ನು ಪರದೆಯ ಮೇಲೆ ತೋರಿಸುವ ಫೈಂಡರ್. ಯಂತ್ರ ಶುರುವಾಗುವಾಗ ಕಮಾಂಡ್, ಆಪ್ಶನ್, ಎಕ್ಸ್, ಓ ಈ ನಾಲ್ಕೂ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಫ್ಲಾಪಿ ಬೇಡ, ಹಾರ್ಡ್ ಡಿಸ್ಕ್ ಬೇಡ, ಯಂತ್ರ ಚಿಪ್ಪಿನಿಂದಲೇ ಏಳುತ್ತದೆ. ಡೆಸ್ಕ್‌ಟಾಪ್ ಮೇಲೆ 'ಬೂಟ್ 3' ಎಂಬ ಹೆಸರಿನ ಡಿಸ್ಕ್ ಕಾಣುತ್ತದೆ. ಎಕ್ಸ್ ಮತ್ತು ಓ ಸುಮ್ನೆ ಆರಿಸಿದ ಅಕ್ಷರಗಳಲ್ಲ. ಯಂತ್ರ ತಯಾರಾಗುತ್ತಿದ್ದಾಗ ಅದಕ್ಕೆ ಒಳಗಿನವರು ಇಟ್ಟಿದ್ದ ಹೆಸರೇ 'ಎಕ್ಸ್-ಓ'.

ಇನ್ನೊಂದು ವಿಚಿತ್ರ ಇದೆ. ಈ ಯಂತ್ರದ ಜೊತೆ ಮಾರಾಟವಾದ ಸಿಸ್ಟಮ್ 6.0.7. ಚಿಪ್ಪಿನಲ್ಲಿ ಕೂತಿರುವುದು ಅದಕ್ಕಿಂತ ಹಳೆಯದು. ಚಿಪ್ ಅಚ್ಚಾದ ಮೇಲೆ ಅದನ್ನು ತಿದ್ದುವ ಹಾಗಿಲ್ಲ. ಹಾಗಾಗಿ ಪ್ರತಿ ಕ್ಲಾಸಿಕ್ ಒಳಗೂ ಆ 6.0.3 ಇವತ್ತಿಗೂ ಹಾಗೇ ಇದೆ. ಮರು ವರ್ಷ ಬಂದ ಕ್ಲಾಸಿಕ್ 2ರಲ್ಲಿ ಈ ಸೌಲಭ್ಯ ಇಲ್ಲ.

ಹಳೆಯ ಕಂಪ್ಯೂಟರುಗಳಲ್ಲಿ ಇಂಥ ಒಳದಾರಿಗಳು ಬೇಕಾದಷ್ಟಿದ್ದವು. 1981ರ ಐಬಿಎಂ ಪಿಸಿಗೆ ಡಿಸ್ಕ್ ಸಿಗದಿದ್ದರೆ ಚಿಪ್ಪಿನಲ್ಲಿದ್ದ ಬೇಸಿಕ್ ಭಾಷೆಗೆ ಹೋಗಿ ನಿಲ್ಲುತ್ತಿತ್ತು. ಕಮೊಡೋರ್ 128ರಲ್ಲಿ ಕಂಪನಿಯ ಗುರುತಿನ ಕೀ ಒತ್ತಿ ಆನ್ ಮಾಡಿದರೆ ಅದು ಕಮೊಡೋರ್ 64 ಆಗಿ ಏಳುತ್ತಿತ್ತು. ಬಿಬಿಸಿ ಮೈಕ್ರೋದಲ್ಲಿ ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೆ ಡಿಸ್ಕಿನಿಂದ ಶುರು. ಮ್ಯಾಕಿಂಟಾಷ್ ಎಸ್‌ಇ ಚಿಪ್ಪಿನಲ್ಲಂತೂ ಯಂತ್ರ ಕಟ್ಟಿದವರ ಫೋಟೋಗಳೇ ಇವೆ. ಪಕ್ಕದ ಇಂಟರಪ್ಟ್ ಗುಂಡಿ ಒತ್ತಿ, ಸರಿಯಾದ ವಿಳಾಸ ಟೈಪ್ ಮಾಡಿದರೆ ನಾಲ್ಕು ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಆ ಮುಖಗಳನ್ನು ಮೊದಲ ಸಲ ನೋಡಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಆದರೂ ರಿಪೇರಿ ಮೇಜಿನ ಮುಂದೆ ಕೂತವನಿಗೆ ಕ್ಲಾಸಿಕ್‌ನ ಆ ನಾಲ್ಕು ಕೀಗಳಷ್ಟು ನೆರವಿಗೆ ಬರುವುದು ಬೇರೊಂದಿಲ್ಲ.

ಮೊದಲ ದಿನ

ಯಂತ್ರ ಬಂದಾಗ ಪ್ರಶ್ನಾರ್ಥಕ ಚಿಹ್ನೆಯೂ ಇರಲಿಲ್ಲ. ಪರದೆ ತುಂಬಾ ಅಡ್ಡಪಟ್ಟೆಗಳು ಮಾತ್ರ. ಗೆಳೆಯರ ಪ್ರಕಾರ ಮೊದಲು ಚಿಹ್ನೆ ಬರುತ್ತಿತ್ತಂತೆ, ಆಮೇಲೆ ಪಟ್ಟೆಗಳು ಶುರುವಾದವಂತೆ. ಪಟ್ಟೆಗಳ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಪ್ರೊಸೆಸರ್ ಕೂತಿರುವ ಲಾಜಿಕ್ ಬೋರ್ಡಿನ ಮೇಲಿನ ಪುಟ್ಟ ಕೆಪ್ಯಾಸಿಟರುಗಳು ವಯಸ್ಸಾದಂತೆ ದ್ರವ ಸೋರುತ್ತವೆ. ಅದು ಬೋರ್ಡಿನ ಮೇಲೆ ಹರಡಿ ಇರಬಾರದ ಕಡೆ ಸಂಪರ್ಕ ಮಾಡಿಬಿಡುತ್ತದೆ. ಮೊದಲು 3.6 ವೋಲ್ಟಿನ ಲಿಥಿಯಂ ಬ್ಯಾಟರಿ ತೆಗೆದೆ. ಪುಣ್ಯಕ್ಕೆ ಅದು ಒಡೆದಿರಲಿಲ್ಲ. ಒಡೆದ ಬ್ಯಾಟರಿ ಇಡೀ ಬೋರ್ಡನ್ನೇ ತಿಂದು ಹಾಕುತ್ತದೆ. ನಿಮ್ಮ ಹತ್ತಿರ ಇಂಥ ಯಂತ್ರ ಇದ್ದರೆ, ಬೇರೇನೂ ಮಾಡದಿದ್ದರೂ ಬ್ಯಾಟರಿಯನ್ನಾದರೂ ಇವತ್ತೇ ತೆಗೆದುಬಿಡಿ.

ಬೋರ್ಡ್ ತೊಳೆದು, ಒಣಗಿಸಿ, ಹಳೆಯ ಕೆಪ್ಯಾಸಿಟರುಗಳ ಜಾಗಕ್ಕೆ ಹೊಸವನ್ನು ಬೆಸುಗೆ ಹಾಕಿದೆ. ಪಟ್ಟೆಗಳು ಹೋದವು. ಶುರುವಿನ ಗಂಟೆಯ ಸದ್ದು ಬಂತು. ಮತ್ತೆ ಆ ಚಿಹ್ನೆ ಮಿನುಗತೊಡಗಿತು.

ಈಗ ಡಿಸ್ಕಿನ ಸರದಿ. ಡಿಸ್ಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕಕ್ಕೆ ಸ್ಕಸಿ ಎನ್ನುತ್ತಾರೆ. ಒಳಗಿನ ಹಾರ್ಡ್ ಡಿಸ್ಕ್ ಆ ಸಾಲಿನಲ್ಲಿ 0 ಸಂಖ್ಯೆಯಲ್ಲಿರುತ್ತದೆ, ಕಂಪ್ಯೂಟರ್ 7ರಲ್ಲಿ. ಮೊದಲು ಫ್ಲಾಪಿ, ಆಮೇಲೆ ಹಾರ್ಡ್ ಡಿಸ್ಕ್, ಎರಡೂ ಕಡೆ ಹುಡುಕಿ ಏನೂ ಸಿಗದಾಗ ಯಂತ್ರ ಆ ಚಿಹ್ನೆ ತೋರಿಸುತ್ತದೆ. ಡಿಸ್ಕ್ ಸತ್ತಿದ್ದರೂ ಅದೇ ಚಿಹ್ನೆ. ಕೇಬಲ್ ಸಡಿಲವಾಗಿದ್ದರೂ ಅದೇ. ಡಿಸ್ಕ್ ಚೆನ್ನಾಗಿದ್ದು ಅದರ ಮೇಲೆ ಸಿಸ್ಟಮ್ ಕೆಟ್ಟಿದ್ದರೂ ಅದೇ. ಒಂದೇ ಚಿಹ್ನೆಗೆ ಇಷ್ಟೊಂದು ಕಾರಣ.

ಆ ಸಂಜೆ ಗೆಳೆಯರು ಬಂದರು. ನಾಲ್ಕು ಕೀ ಒತ್ತಲು ಎರಡು ಕೈ ಬೇಕು. ಕಮಾಂಡ್, ಆಪ್ಶನ್, ಎಕ್ಸ್ ಎಡಗಡೆ ಕೆಳಗೆ ಹತ್ತಿರದಲ್ಲಿವೆ, ಓ ಮಾತ್ರ ಬಲಗಡೆ ಮೇಲೆ. ಪವರ್ ಸ್ವಿಚ್ ಇರುವುದು ಯಂತ್ರದ ಬೆನ್ನಿಗೆ. "ನಾನು ಹಿಡಿದುಕೊಂಡಿರ್ತೀನಿ, ನೀವು ಸ್ವಿಚ್ ಹಾಕಿ" ಅಂದೆ. ಮೊದಲ ಸಲ ಆಗಲಿಲ್ಲ. ಮತ್ತೆ ಪ್ರಶ್ನೆಯ ಚಿಹ್ನೆ. ಎಕ್ಸ್ ಕೀ ಕೆಳಗೆ ಧೂಳು ಕೂತು ಅದು ಪೂರ್ತಿ ಇಳಿಯುತ್ತಿರಲಿಲ್ಲ. ಯಂತ್ರ ಆಫ್ ಮಾಡಿ, ಕೀಯ ಟೊಪ್ಪಿ ತೆಗೆದು, ಬ್ರಷ್‌ನಿಂದ ಒರೆಸಿ ಮತ್ತೆ ಕೂರಿಸಿದೆ.

ಎರಡನೇ ಸಲ ನಗುವ ಮ್ಯಾಕ್ ಬಂತು, ಸಿಸ್ಟಮ್ ಸಿಕ್ಕಿತು ಎಂದು ಹೇಳುವ ಪುಟ್ಟ ಚಿತ್ರ. ಅದರ ಹಿಂದೆಯೇ ಡೆಸ್ಕ್‌ಟಾಪ್. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಡಿಸ್ಕ್ ಕೆರೆಯುವ ಸದ್ದಿಲ್ಲ, ಫ್ಲಾಪಿ ಗಿರಗುಟ್ಟುವ ಸದ್ದಿಲ್ಲ. ಬಲಗಡೆ ಮೇಲ್ತುದಿಯಲ್ಲಿ 'ಬೂಟ್ 3'. ಗೆಳೆಯರು ಮೌಸ್ ಹಿಡಿದು ಮೆನುಗಳನ್ನು ಒಂದೊಂದಾಗಿ ಎಳೆದು ನೋಡಿದರು. "ಅಪ್ಪ ಹೀಗೇ ಕೂತಿರ್ತಿದ್ದರು" ಅಂದರು.

ತಪ್ಪು ತೀರ್ಮಾನ

ಇಲ್ಲಿಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಪ್ರೊಸೆಸರ್ ಸರಿ, ಮೆಮೊರಿ ಸರಿ, ಪರದೆ ಸರಿ, ಕೀಬೋರ್ಡ್ ಮೌಸ್ ಸರಿ. ಉಳಿದದ್ದು ಡಿಸ್ಕ್ ಒಂದೇ. ಹಾಗಾದರೆ ಡಿಸ್ಕೇ ಹೋಗಿದೆ. ಲೆಕ್ಕ ಸರಿಯಾಗಿಯೇ ಕಂಡಿತು. ಹೊಸ ಸ್ಕಸಿ ಕಾರ್ಡ್ ಹಾಕಿ, ಮೆಮೊರಿ ಕಾರ್ಡಿನಿಂದ ಯಂತ್ರ ನಡೆಸಬಹುದು ಎಂದು ಗೆಳೆಯರಿಗೆ ಹೇಳಿಯೂ ಬಿಟ್ಟೆ. ಅವರು ತಲೆಯಾಡಿಸಿದರು. ಅವರಿಗೆ ಬೇಕಿದ್ದದ್ದು ಓಡುವ ಯಂತ್ರ ಅಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನ ಫ್ಲಾಪಿ ಡ್ರೈವ್ ನೋಡೋಣ ಅಂದುಕೊಂಡೆ. ಕ್ಲಾಸಿಕ್‌ನ ಡ್ರೈವ್ 1.44 ಮೆಗಾಬೈಟ್ ಫ್ಲಾಪಿ ಓದುತ್ತದೆ, ಅದನ್ನು ಈಗಿನ ಯುಎಸ್‌ಬಿ ಫ್ಲಾಪಿ ಡ್ರೈವಿನಲ್ಲೂ ಬರೆಯಬಹುದು. ಹಳೆಯ 800 ಕಿಲೋಬೈಟ್ ಫ್ಲಾಪಿ ಮಾತ್ರ ಆಗುವುದಿಲ್ಲ, ಅದರ ಬರವಣಿಗೆಯ ರೀತಿಯೇ ಬೇರೆ. ಸಿಸ್ಟಮ್ 6.0.8 ಇರುವ ಫ್ಲಾಪಿಯ ಇಮೇಜ್, ಅಂದರೆ ಇಡೀ ಫ್ಲಾಪಿಯ ಪ್ರತಿ ಇರುವ ಫೈಲ್, ತೆಗೆದು ಬರೆದೆ. ಚಿಪ್ಪಿನಿಂದ ಯಂತ್ರ ಎಬ್ಬಿಸಿ ಫ್ಲಾಪಿ ಹಾಕಿದೆ. ಓದಲು ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತು.

ಇದು ಡ್ರೈವಿನ ತಪ್ಪಲ್ಲ, ನನ್ನದು. ಡಿಸ್ಕ್ ಕಾಪಿ 4.2 ಮಾದರಿಯ ಇಮೇಜ್ ಫೈಲಿನ ಮುಂಭಾಗದಲ್ಲಿ 84 ಬೈಟಿನ ಒಂದು ತಲೆಬರಹ ಇರುತ್ತದೆ. ಅದನ್ನು ಕತ್ತರಿಸದೆ ಹಾಗೇ ಬರೆದರೆ ಎಲ್ಲವೂ 84 ಬೈಟ್ ಪಕ್ಕಕ್ಕೆ ಸರಿದು ಕೂರುತ್ತದೆ. ಇನ್ನೊಂದು ಫ್ಲಾಪಿಯನ್ನು ಸರಿಯಾಗಿ ಬರೆದು ತಂದೆ.

ಆ ಎರಡನೇ ಫ್ಲಾಪಿ ಹಾಕಿದಾಗ ನಡೆದದ್ದೇ ಈ ಪ್ರಕರಣದ ತಿರುವು. ಡ್ರೈವಿನ ಮೋಟಾರ್ ತಿರುಗಲು ಶುರುವಾದ ಕ್ಷಣ ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಸ್ವಲ್ಪ ಒಳಗೆ ಕುಗ್ಗಿತು. ಕಪ್ಪು ಅಂಚು ಒಂದು ಕೂದಲೆಳೆಯಷ್ಟು ದಪ್ಪವಾಯಿತು. ಮೋಟಾರ್ ನಿಂತಿತು, ಚಿತ್ರ ಮತ್ತೆ ಅಗಲವಾಯಿತು. ಫ್ಲಾಪಿಯ ಹೆಸರು ಪರದೆಯ ಮೇಲೆ ಬಂತು. ತೆರೆದರೆ ಓದುವಾಗ ತಪ್ಪಾಯಿತು ಎಂಬ ಸಂದೇಶ. ಮತ್ತೆ ಹಾಕಿದೆ. ಮತ್ತೆ ಚಿತ್ರ ಕುಗ್ಗಿತು. ಈ ಸಲ ಓದಿತು. ಮೂರನೇ ಸಲ ಮತ್ತೆ ಇಲ್ಲ.

ಸಾಮಾನ್ಯವಾಗಿ ಇದನ್ನು ನೋಡುವ ಅವಕಾಶವೇ ಸಿಗುವುದಿಲ್ಲ. ಫ್ಲಾಪಿಯಿಂದಲೇ ಯಂತ್ರ ಏಳಬೇಕಾದರೆ ಮೊದಲಿಂದ ಕೊನೆಯವರೆಗೂ ಮೋಟಾರ್ ತಿರುಗುತ್ತಲೇ ಇರುತ್ತದೆ. ಹೋಲಿಸಿ ನೋಡಲು ಶಾಂತವಾದ ಸ್ಥಿತಿ ಇರುವುದಿಲ್ಲ. ಇಲ್ಲಿ ಚಿಪ್ಪಿನಿಂದ ಎದ್ದ ಯಂತ್ರ ತಣ್ಣಗೆ ಕೂತಿತ್ತು. ಅದರ ಮುಂದೆ ಒಂದೇ ಒಂದು ವಸ್ತುವನ್ನು ಓಡಿಸಿದೆ, ಉಳಿದದ್ದು ತಾನಾಗಿ ಕಂಡಿತು.

ಕ್ಲಾಸಿಕ್‌ನಲ್ಲಿ ಪಿಕ್ಚರ್ ಟ್ಯೂಬಿನ ಸರ್ಕ್ಯೂಟ್ ಮತ್ತು ಪವರ್ ಸಪ್ಲೈ ಎರಡೂ ಒಂದೇ ಬೋರ್ಡಿನ ಮೇಲಿವೆ. ಅದನ್ನು ಅನಲಾಗ್ ಬೋರ್ಡ್ ಅನ್ನುತ್ತಾರೆ. ಮೋಟಾರ್ ಎಳೆದಾಗ ಚಿತ್ರ ಕುಗ್ಗಿದರೆ ಆ ಬೋರ್ಡಿಗೆ ಹೊರೆ ತಡೆಯಲು ಆಗುತ್ತಿಲ್ಲ ಎಂದರ್ಥ. ಆಗ ಇನ್ನೊಂದು ಪ್ರಶ್ನೆ ಹುಟ್ಟಿತು. ಹಾರ್ಡ್ ಡಿಸ್ಕ್ ತಿರುಗುತ್ತಿಲ್ಲ, ಫ್ಲಾಪಿ ಅರ್ಧಂಬರ್ಧ ಓದುತ್ತದೆ. ಎರಡು ಬೇರೆ ಬೇರೆ ಡ್ರೈವುಗಳು ಒಂದೇ ಹೊತ್ತಿಗೆ ಕೆಡುವುದಕ್ಕಿಂತ, ಎರಡಕ್ಕೂ ಅನ್ನ ಹಾಕುವ ಒಂದು ಜಾಗ ಸೊರಗಿರುವುದು ಹೆಚ್ಚು ನಂಬುವಂಥದ್ದು, ಅಲ್ವಾ?

ಮಲ್ಟಿಮೀಟರ್ ತಂದೆ. ಇದಕ್ಕೆ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಹೊರಗಿನ ಫ್ಲಾಪಿ ಡ್ರೈವ್ ಜೋಡಿಸಲು ಯಂತ್ರದ ಬೆನ್ನಿಗಿರುವ ಸಾಕೆಟ್ಟಿನಲ್ಲೇ 5 ವೋಲ್ಟ್ ಮತ್ತು 12 ವೋಲ್ಟ್ ಎರಡೂ ಸಿಗುತ್ತವೆ. ಚಿಪ್ಪಿನಿಂದ ಎದ್ದು ಸುಮ್ನೆ ಕೂತಿದ್ದಾಗ 5ರ ಸಾಲಿನಲ್ಲಿ 4.72, 12ರ ಸಾಲಿನಲ್ಲಿ 11.1. ಫ್ಲಾಪಿ ತಿರುಗಿದಾಗ 12ರ ಸಾಲು 10.6ಕ್ಕೆ ಇಳಿಯಿತು. ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡುವಾಗ ಬೇಕಾಗುವ ಕರೆಂಟ್ ಇದಕ್ಕಿಂತ ಜಾಸ್ತಿ. ನಿಂತಿರುವ ಮೋಟಾರನ್ನು ಎಬ್ಬಿಸುವ ಆ ಕೆಲವು ಸೆಕೆಂಡ್ ಅದಕ್ಕೆ ಸಿಗುತ್ತಲೇ ಇರಲಿಲ್ಲ.

ನಾನು ಎಡವಿದ್ದು ಎಲ್ಲಿ ಎಂದು ಆಗ ತಿಳಿಯಿತು. ಚಿಪ್ಪಿನಿಂದ ಏಳಲು ಯಂತ್ರಕ್ಕೆ ಮೋಟಾರಿರುವ ಯಾವ ಡ್ರೈವೂ ಬೇಕಿಲ್ಲ. ಹಾಗಾಗಿ ಸೊರಗಿದ ಪವರ್ ಸಪ್ಲೈ ಇದ್ದರೂ ಅದು ಪಾಸಾಗುತ್ತದೆ. ಪ್ರೊಸೆಸರ್, ಮೆಮೊರಿ, ಪರದೆ ಸರಿ ಇವೆ ಎಂದು ಅದು ಹೇಳಿದ್ದು ನಿಜ. ಪವರ್ ಸರಿ ಇದೆ ಎಂದು ಅದು ಹೇಳಿರಲೇ ಇಲ್ಲ. ನಾನೇ ಹಾಗೆ ಕೇಳಿಸಿಕೊಂಡಿದ್ದೆ.

ರಿಪೇರಿ

ಅನಲಾಗ್ ಬೋರ್ಡ್ ಕೆಲಸದ ವಿವರಕ್ಕೆ ಜಾಸ್ತಿ ಹೋಗುವುದಿಲ್ಲ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಅದನ್ನು ಇಳಿಸುವುದು ಗೊತ್ತಿಲ್ಲದವರು ಕೈ ಹಾಕಬಾರದು. ಟ್ಯೂಬಿನ ಕತ್ತು ಗಾಜಿನದು, ಪೆಟ್ಟಿಗೆ ಎಳೆಯುವಾಗ ತಗುಲಿದರೆ ಮುಗಿಯಿತು. ಪೆಟ್ಟಿಗೆ ಬಿಚ್ಚಲು ಉದ್ದನೆಯ ಟಿ15 ಸ್ಕ್ರೂಡ್ರೈವರ್ ಬೇಕು, ಎರಡು ಸ್ಕ್ರೂಗಳು ಹಿಡಿಕೆಯ ಗುಳಿಯೊಳಗೆ ಆಳದಲ್ಲಿವೆ. ಬೋರ್ಡಿನ ಮೇಲೆ ಎರಡು ದೊಡ್ಡ ಕೆಪ್ಯಾಸಿಟರುಗಳ ಬುಡ ಒದ್ದೆಯಾಗಿತ್ತು, ಮೀನಿನ ವಾಸನೆ ಬರುತ್ತಿತ್ತು. ಆ ಸಾಲಿನ ಎಲ್ಲವನ್ನೂ ಬದಲಾಯಿಸಿದೆ. ಪೂರ್ತಿ ಒಂದು ದಿನ ಹಿಡಿಯಿತು.

ಮತ್ತೆ ಅದೇ ಸಾಕೆಟ್ಟಿನಲ್ಲಿ ಅಳೆದೆ. 5.02 ಮತ್ತು 12.1. ಫ್ಲಾಪಿ ಹಾಕಿದರೆ ಚಿತ್ರ ಕದಲಲಿಲ್ಲ.

ಡಿಸ್ಕ್

ಈ ಸಲ ಗೆಳೆಯರನ್ನು ಕರೆದೇ ಸ್ವಿಚ್ ಹಾಕಬೇಕು ಅನ್ನಿಸಿತು. ಆದರೆ ಹಾರ್ಡ್ ಡಿಸ್ಕಿನಿಂದ ಯಂತ್ರ ಎಬ್ಬಿಸುವುದು ಬೇಡ ಎಂದು ಮೊದಲೇ ನಿರ್ಧರಿಸಿದ್ದೆ. ಅಷ್ಟು ವರ್ಷ ತಿರುಗದ ಡಿಸ್ಕ್ ಎಷ್ಟು ಹೊತ್ತು ಬದುಕುತ್ತದೋ ಯಾರಿಗೆ ಗೊತ್ತು. ಅದರಿಂದಲೇ ಸಿಸ್ಟಮ್ ಓಡಿಸಿದರೆ ಅದರ ಹೆಡ್ ಅತ್ತಿತ್ತ ಓಡಾಡುತ್ತಲೇ ಇರಬೇಕು. ಸಿಸ್ಟಮ್ ಚಿಪ್ಪಿನಲ್ಲೇ ಇರಲಿ, ಡಿಸ್ಕ್ ಬರೀ ಫೈಲುಗಳನ್ನು ಕೊಡಲಿ. ಡಿಸ್ಕ್ ಕಾಣಿಸಿಕೊಂಡಾಗ ಫೈಂಡರ್ ಅದರ ಮೇಲೆ ಅಷ್ಟಿಷ್ಟು ಬರೆಯುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಆದರೂ ಇದಕ್ಕಿಂತ ಕಡಿಮೆ ಹೊರೆಯ ದಾರಿ ನಮ್ಮ ಕೈಯಲ್ಲಿರಲಿಲ್ಲ.

ನಾನು ನಾಲ್ಕು ಕೀ ಹಿಡಿದೆ. ಅವರು ಹಿಂದೆ ಕೈ ಹಾಕಿ ಸ್ವಿಚ್ ಒತ್ತಿದರು. ಫ್ಯಾನ್ ಶುರುವಾಯಿತು. ಅದರ ಕೆಳಗಿನಿಂದ ಇನ್ನೊಂದು ಸದ್ದು, ಸಣ್ಣಗೆ ಶುರುವಾಗಿ ಮೇಲೇರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಂತಿತು. ಹಾರ್ಡ್ ಡಿಸ್ಕ್ ತಿರುಗುತ್ತಿತ್ತು. ನಗುವ ಮ್ಯಾಕ್, ಡೆಸ್ಕ್‌ಟಾಪ್, ಬೂಟ್ 3. ಅದರ ಕೆಳಗೆ ಎರಡನೇ ಚಿತ್ರ ಬಂತು. ಆ ಡಿಸ್ಕಿಗೆ ತಂದೆಯವರು ಇಟ್ಟಿದ್ದ ಹೆಸರು ಗೆಳೆಯರನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಟಿಪ್ಪಣಿಗಳೆಲ್ಲ ಮ್ಯಾಕ್‌ರೈಟ್ ಎಂಬ ಬರವಣಿಗೆಯ ತಂತ್ರಾಂಶದ ಫೈಲುಗಳು. ಹೊಸ ಫ್ಲಾಪಿಗಳನ್ನು ಅದೇ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿ, ಮೊದಲು ಟಿಪ್ಪಣಿಗಳ ಫೋಲ್ಡರ್, ಆಮೇಲೆ ಪತ್ರಗಳು, ಕೊನೆಗೆ ಉಳಿದದ್ದು ಎಂದು ಎಳೆದು ಹಾಕಿದೆವು. ಬೇಕಾದದ್ದು ಮೊದಲು, ಡಿಸ್ಕ್ ಯಾವ ಕ್ಷಣದಲ್ಲೂ ನಿಲ್ಲಬಹುದು ಎಂಬ ಲೆಕ್ಕದಲ್ಲಿ. ಮೂರು ಫ್ಲಾಪಿ ಸಾಕಾದವು. ಡಿಸ್ಕ್ ನಿಲ್ಲಲಿಲ್ಲ.

ಆ ಫ್ಲಾಪಿಗಳನ್ನು ಯುಎಸ್‌ಬಿ ಡ್ರೈವಿನಲ್ಲಿ ಪೂರ್ತಿ ಇಮೇಜ್ ಆಗಿ ತೆಗೆದುಕೊಂಡೆ. ಈಗಿನ ಮ್ಯಾಕ್‌ಗಳು ಎಚ್‌ಎಫ್‌ಎಸ್ ಎಂಬ ಹಳೆಯ ಜೋಡಣೆಯ ಆ ಡಿಸ್ಕುಗಳನ್ನು ತೆರೆಯುವುದಿಲ್ಲ, 2019ರ ಕ್ಯಾಟಲಿನಾ ಎಂಬ ಮ್ಯಾಕ್ ಸಿಸ್ಟಮ್‌ನಿಂದ ಆ ಸೌಲಭ್ಯ ತೆಗೆದುಹಾಕಿದ್ದಾರೆ. ಹಳೆಯ ಮ್ಯಾಕ್‌ನಂತೆ ನಟಿಸುವ ಮಿನಿ ವಿಮ್ಯಾಕ್ ಎಂಬ ಎಮ್ಯುಲೇಟರಿನಲ್ಲಿ ಇಮೇಜ್ ಹಾಕಿದರೆ ಎಲ್ಲವೂ ಕಾಣುತ್ತದೆ. ಹೊರಗೆ ತೆಗೆದ ಮ್ಯಾಕ್‌ರೈಟ್ ಫೈಲುಗಳನ್ನು ಲಿಬ್ರೆಆಫೀಸ್ ನೇರವಾಗಿ ತೆರೆಯಿತು. ಪ್ಯಾರಾಗಳು, ದಪ್ಪಕ್ಷರಗಳು, ಅಲ್ಲಲ್ಲಿ ಅವರು ಬಿಟ್ಟ ಖಾಲಿ ಸಾಲುಗಳು, ಎಲ್ಲ ಹಾಗೇ ಇದ್ದವು.

ಯಂತ್ರವನ್ನು ಮುಚ್ಚುವ ಮೊದಲು ಪೆಟ್ಟಿಗೆಯ ಒಳಗೋಡೆಗೆ ಒಂದು ಚೀಟಿ ಅಂಟಿಸಿದೆ. ಮೇಲೆ ಆ ದಿನದ ತಾರೀಕು. ಬದಲಾಯಿಸಿದ ಕೆಪ್ಯಾಸಿಟರುಗಳ ಪಟ್ಟಿ. ಬ್ಯಾಟರಿ ತೆಗೆದಿದೆ, ಗಡಿಯಾರ 1904 ತೋರಿಸಿದರೆ ಗಾಬರಿ ಬೇಡ ಎಂಬ ಮಾತು. ರಿಪೇರಿಗೆ ಮುಂಚಿನ ಮತ್ತು ನಂತರದ ವೋಲ್ಟೇಜ್. ಕೆಳಗೆ ಜಾಗ ಉಳಿದಿತ್ತು. ಗೆಳೆಯರು ಪೆನ್ ತೆಗೆದುಕೊಂಡು ಅಲ್ಲಿ ತಮ್ಮ ಕೈಯಾರೆ ದೊಡ್ಡದಾಗಿ ಬರೆದರು: ಡಿಸ್ಕ್ ಸಿಗದಿದ್ದರೆ ಕಮಾಂಡ್, ಆಪ್ಶನ್, ಎಕ್ಸ್, ಓ. ಎಕ್ಸ್ ಸ್ವಲ್ಪ ಗಟ್ಟಿಯಾಗಿ ಒತ್ತಿ.